ಹೇಳದೆ ತಿರುಗಿಸಿಟ್ಟ ವಿಮಾನ

ಚನ್ನಗಿರಿಯ ಅಡಿಕೆ ಮಂಡಿಯ ಮುಂದೆ ಗಾಡಿ ನಿಲ್ಲಿಸುವವರಿಗೆ ಯಾರೂ ಬರೆಯದ ಒಂದು ಕಾಯಿದೆ ಇದೆ. ಬೈಕಿನ ಹ್ಯಾಂಡಲ್ ಲಾಕ್ ಮಾಡಬಾರದು. ಒಳಗಿನ ಗಾಡಿಯವರು ಹೊರಡುವಾಗ ನಿಮ್ಮದನ್ನು ಪಕ್ಕಕ್ಕೆ ಸರಿಸುತ್ತಾರೆ, ಬಿಸಿಲಿದ್ದರೆ ನೆರಳಿಗೂ ಇಟ್ಟು ಹೋಗುತ್ತಾರೆ. ಯಾರು ಇಟ್ಟರು ಅಂತ ನೀವು ಕೇಳುವುದಿಲ್ಲ, ಇಟ್ಟವರು ಹೇಳುವುದೂ ಇಲ್ಲ. ಮಾಡಿದ ಉಪಕಾರ ಹೇಳಿಕೊಂಡರೆ ಅದರ ಬೆಲೆ ಹೋಯಿತು ಅನ್ನುವ ಜನ ನಾವು. ಹೊನ್ನಾಳಿಯಿಂದ ಆ ಮಂಡಿಗೆ ಒಂಬತ್ತು ವರ್ಷ ಲಗೇಜ್ ಆಟೋ ಓಡಿಸಿದವನು ನಾನು. ಅದೇ ಬುದ್ಧಿಯನ್ನು ವಿಮಾನದ ಹತ್ತಿರಕ್ಕೂ ಹೊತ್ತುಕೊಂಡು ಹೋದೆ.

ವಿಮಾನ ಅಂದರೆ ದೊಡ್ಡದೇನಲ್ಲ. ಜಗಳೂರಿನ ಆಚೆಯ ಬಯಲಿನಲ್ಲಿ ಹಾರಾಟ ಕಲಿಸುವ ಖಾಸಗಿ ಶಾಲೆಯೊಂದಿದೆ. ಅಲ್ಲಿರುವುದೆಲ್ಲ ಇಬ್ಬರೋ ನಾಲ್ವರೋ ಕೂರುವ ಪುಟ್ಟ ವಿಮಾನಗಳು. ಅವನ್ನು ಕೈಯಿಂದಲೇ ತಳ್ಳಿ ಸಾಲಾಗಿ ನಿಲ್ಲಿಸುವುದು, ಚಕ್ರಕ್ಕೆ ಮರದ ತುಂಡು ಕೊಡುವುದು, ಗಾಳಿಗೆ ಅಲ್ಲಾಡದಂತೆ ರೆಕ್ಕೆಗೆ ಹಗ್ಗ ಕಟ್ಟುವುದು ನನ್ನ ಕೆಲಸ. ಸೇರಿ ನಾಲ್ಕು ತಿಂಗಳಾಗಿತ್ತು. ಊರಿಗೆ ಹೋದರೆ "ಏನಪ್ಪಾ ಪೈಲಟ್ಟು, ಯಾವಾಗ ಇಳಿದೆ?" ಅಂತ ರೇಗಿಸುತ್ತಿದ್ದರು. ನಾನೂ ಬೇಡ ಅನ್ನುತ್ತಿರಲಿಲ್ಲ.

ಕೆಲಸ ಕಲಿಸಿದವರು ನ್ಯಾಮತಿಯ ಕಡೆಯ ಮೆಕ್ಯಾನಿಕ್. ನಾನು ಅಣ್ಣ ಅನ್ನುತ್ತಿದ್ದೆ. ಮೊದಲ ದಿನವೇ ಹೇಳಿದ್ದರು.

"ನೋಡು, ಮುಂದಿನ ಚಕ್ರಕ್ಕೆ ಈ ಕಬ್ಬಿಣದ ಹಿಡಿ ಸಿಗಿಸ್ಕೊಂಡು ಎಳಿಬೇಕು. ಬಾಲದ ಮ್ಯಾಲೆ ಮಾತ್ರ ಕೈ ಇಡಬ್ಯಾಡ. ನೋಡಾಕೆ ಗಟ್ಟಿ ಐತೆ, ಒಳಗೆ ಬರೀ ಡಬ್ಬಿ ತಗಡು. ಬ್ಯಾರೆಯವರದ್ದು ಮುಟ್ಟಿದ್ರೆ ಅವರಿಗೆ ಹೇಳು. ಹೇಳಾಕೆ ಆಗಲ್ಲ ಅಂದ್ರೆ ಮುಟ್ಟಲೇಬ್ಯಾಡ."

ಆದರೆ ಬಾಲ ಒತ್ತಿದರೆ ಮುಂದಿನ ಚಕ್ರ ಮೇಲೇಳುತ್ತದೆ, ಇಡೀ ವಿಮಾನ ಒಬ್ಬನ ಕೈಗೆ ಗಿರ್ರನೆ ತಿರುಗುತ್ತದೆ. ಇದು ಗೊತ್ತಾದ ಮೇಲೆ ಒತ್ತದೆ ಇರುವುದು ಕಷ್ಟ. ಅಣ್ಣ ಆಚೆ ಹೋದಾಗ ಎರಡು ಸಲ ಒತ್ತಿಯೂ ಇದ್ದೆ. ಏನೂ ಆಗಿರಲಿಲ್ಲ, ಅದೇ ತಪ್ಪಾದದ್ದು.

ಅದೊಂದು ಭಾನುವಾರ ಸ್ವಂತ ವಿಮಾನ ಇಟ್ಟುಕೊಂಡ ಹವ್ಯಾಸಿಗಳೆಲ್ಲ ನಮ್ಮಲ್ಲಿ ಸೇರಿದ್ದರು. ಆರು ನಿಲ್ಲುವ ಜಾಗದಲ್ಲಿ ಹನ್ನೊಂದು ನಿಂತಿದ್ದವು, ರೆಕ್ಕೆಗೂ ರೆಕ್ಕೆಗೂ ನಡುವೆ ಮೊಳದಷ್ಟು ಜಾಗ. ಸಾಲಿನ ಕೊನೆಯಲ್ಲಿ ಒಂದು ಬಿಳಿ ವಿಮಾನ. ವಯಸ್ಸಾದ ಗಂಡ ಹೆಂಡತಿ ಅದರಲ್ಲಿ ಮೂರು ವಾರದಿಂದ ಊರೂರು ಇಳಿಯುತ್ತಾ ಬಂದಿದ್ದರು. ಓಡಿಸುತ್ತಿದ್ದವರು ಗಂಡ. ಬ್ರೇಕ್ ಹಾಕದೆ, ಚಕ್ರಕ್ಕೆ ಮರ ಕೊಟ್ಟು ಹೋಗಿದ್ದರು. ಇಕ್ಕಟ್ಟಿನಲ್ಲಿ ಇನ್ನೊಬ್ಬರಿಗೆ ಸರಿಸಲು ಬರಲಿ ಅಂತ ಹಾಗೆ ಬಿಡುವುದು ಅಲ್ಲಿಯ ಮರ್ಯಾದೆ. ನಮ್ಮ ಮಂಡಿಯ ಬೈಕಿನ ಹಾಗೇ ಅಲ್ಲವೇ ಅನ್ನಿಸಿ ಖುಷಿಯಾಯಿತು.

ಅದರ ಎದುರಿಗೇ ಶಾಲೆಯ ವಿಮಾನವೊಂದು ಬೆನ್ನು ಹಾಕಿ ನಿಂತಿತ್ತು. ಅದು ಎಂಜಿನ್ ಶುರು ಮಾಡಿದರೆ ಹಿಂದಕ್ಕೆ ನುಗ್ಗುವ ಗಾಳಿಗೆ ಜಲ್ಲಿ, ಮಣ್ಣು ಎಲ್ಲ ಈ ಹಿರಿಯರ ವಿಮಾನದ ಗಾಜಿಗೆ ಬಡಿಯುತ್ತಿತ್ತು. ಅವರು ಕ್ಯಾಂಟೀನಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದರು. ತಿನ್ನುವವರನ್ನು ಎಬ್ಬಿಸುವುದು ಹೇಗೆ? ನಮ್ಮ ಹಿಡಿ ಆ ಚಕ್ರಕ್ಕೆ ಹೊಂದಲಿಲ್ಲ, ಅವರದು ಒಳಗೆ ಬೀಗದಲ್ಲಿತ್ತು. ಸುತ್ತ ನೋಡಿ, ಚಕ್ರದ ಮರ ತೆಗೆದೆ. ಬಾಲದ ಅಡ್ಡರೆಕ್ಕೆಯ ಮೇಲೆ ಎರಡೂ ಕೈ ಇಟ್ಟು ಒತ್ತಿ, ತಿರುಗಿಸಿ, ಹೊರಡಲು ಅನುಕೂಲವಾಗುವ ಹಾಗೆ ದಾರಿಯ ಕಡೆ ಮುಖ ಮಾಡಿ ನಿಲ್ಲಿಸಿದೆ.

ತಿರುಗಿಸುವಾಗ ಅಂಗೈ ಕೆಳಗೆ ಟಕ್ ಅಂದಿತು. ಹುರಿಗಡಲೆ ಹಲ್ಲಿಗೆ ಸಿಕ್ಕಷ್ಟು ಸದ್ದು.

ಮೇಲೆ ಸವರಿ ನೋಡಿದೆ. ನುಣ್ಣಗಿತ್ತು. ಚಕ್ರಕ್ಕೆ ಕಲ್ಲು ಸಿಕ್ಕಿರಬೇಕು ಅಂದುಕೊಂಡೆ. ಬಗ್ಗಿ ಕೆಳಗೆ ನೋಡಲು ಧೈರ್ಯ ಬರಲಿಲ್ಲ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ದಂಪತಿ ಬಂದರು. "ಅರೆ, ಯಾರೋ ತಿರುಗಿಸಿ ಇಟ್ಟಿದ್ದಾರಲ್ಲ! ಪುಣ್ಯಾತ್ಮರು," ಅಂದರು ಹಿರಿಯರು, ನನ್ನ ಕಡೆ ನೋಡುತ್ತಾ. ನಾನು ಹಗ್ಗ ಸುತ್ತುತ್ತಾ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವರು ಕ್ರಮವಾಗಿ ಸುತ್ತು ಹಾಕಿದರು, ಎಣ್ಣೆ ನೋಡಿದರು, ರೆಕ್ಕೆ ಅಲ್ಲಾಡಿಸಿದರು, ಬಾಲದ ಮೇಲೆ ಅಂಗೈ ಆಡಿಸಿದರು. ಮಂಡಿ ನೋವೇನೋ, ಬಗ್ಗಲಿಲ್ಲ.

ಈಗ ಹೇಳು, ಈಗ ಹೇಳು ಅಂತ ಒಳಗೆ ಒದ್ದಾಡಿದೆ. ಹೇಳಿದರೆ ಕೆಲಸ ಹೋಗುತ್ತದೆ. ಏನೂ ಆಗಿರದಿದ್ದರೆ ಸುಮ್ಮನೆ ಹೇಳಿ ಕೆಟ್ಟಂತಾಗುತ್ತದೆ. ಏನಾದರೂ ಆಗಿದ್ದರೆ? ಬಾಲ ಕೈಕೊಟ್ಟ ವಿಮಾನ ಮೂಗು ಎತ್ತಲಾರದು ಅಂತ ಅಣ್ಣ ಒಮ್ಮೆ ತಟ್ಟೆ ಹಿಡಿದು ತೋರಿಸಿದ್ದರು. ಎಂಜಿನ್ ಗುಡುಗಿತು, ಮುಂದಿನ ಫ್ಯಾನು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿತು.

ಹೊರಟವರನ್ನು ಹಿಂದಕ್ಕೆ ಕರೆಯಬಾರದು ಅಂತ ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಎಲ್ಲಿಗೆ ಅಂತಲೂ ಕೇಳುವಂತಿಲ್ಲ. ನಾನು ಅದಕ್ಕೇ ಜೋತುಬಿದ್ದು ನಿಂತಿದ್ದೆ. ಆಗ ಒಳಗಿನಿಂದ ಆ ಅಮ್ಮ ನನ್ನ ಕಡೆ ಕೈ ಬೀಸಿದರು, ನೆಂಟರ ಮನೆಯಿಂದ ಹೊರಟವರು ಬೀಸುವ ಹಾಗೆ.

ತಡೆಯಲಾಗಲಿಲ್ಲ. ಫ್ಯಾನಿನಿಂದ ದೂರಕ್ಕೆ ಸುತ್ತಿ ಓಡಿ, ಅವರಿಗೆ ಕಾಣುವ ಹಾಗೆ ಎದುರಿಗೆ ನಿಂತು, ಎರಡೂ ಕೈಯನ್ನು ತಲೆಯ ಮೇಲೆ ಅಡ್ಡಕ್ಕೆ ಹಿಡಿದೆ. ಹಿರಿಯರು ಪಕ್ಕಕ್ಕೆ ಸರಿ ಅಂತ ಸನ್ನೆ ಮಾಡಿದರು. ಸರಿಯಲಿಲ್ಲ. ಮತ್ತೆ ಸಿಟ್ಟಿನಿಂದ ಕೈ ಆಡಿಸಿದರು. ಆದರೂ ಸರಿಯಲಿಲ್ಲ. ಕೊನೆಗೆ ಎಂಜಿನ್ ನಿಂತಿತು.

"ಏನ್ರೀ ಇದು, ತಲೆ ಸರಿ ಇದೆಯಾ?"

"ಸಾರ್, ತಿರುಗಿಸಿದ್ದು ನಾನೇ. ಬಾಲ ಒತ್ತಿದೆ. ಟಕ್ ಅಂತು. ನಿಮಗೆ ಹೇಳಲಿಲ್ಲ," ಅಂದೆ. ಅತ್ತುಬಿಟ್ಟೆ.

ಅಣ್ಣ ಬಂದರು. ನನ್ನ ಮುಖ ನೋಡಲಿಲ್ಲ. ಟಾರ್ಚ್ ಹಿಡಿದು ಬಾಲದ ಕೆಳಗೆ ಅಂಗಾತ ಮಲಗಿದರು.

"ಸೀಳು ಐತೆ ಸಾರ್. ಬುಡದಾಗೆ," ಅಂದರು. ಆಮೇಲೆ ನನ್ನನ್ನು ಕರೆದರು. "ಬಾ ಇಲ್ಲಿ, ನೀನೂ ನೋಡು."

ಬೆರಳುದ್ದದ ಗೆರೆ. ತುದಿಯಲ್ಲಿ ಉಗುರಿನಷ್ಟು ಜಾಗ ಹೊಸ ತಗಡಿನ ಹಾಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಧೂಳು, ಎಣ್ಣೆ ಕೂತು ಕಪ್ಪಾಗಿತ್ತು.

"ಹೊಳಿಯೋದು ನಿಂದು. ಕಪ್ಪಗಿರೋದು ಹಳೇದು, ಬ್ಯಾರೆ ಯಾರೋ ಒತ್ಯಾರೆ."

ನಾನೊಬ್ಬನೇ ಅಲ್ಲ ಅಂತ ಒಂದು ಕ್ಷಣ ಮನಸ್ಸು ಹಗುರವಾಯಿತು, ಮರುಕ್ಷಣ ನಾಚಿಕೆಯಾಯಿತು. ಕೆಲಸ ಆಮೇಲೆ ಉಳಿಯಿತು, ಬೈಗುಳದ ಸಮೇತ.

ಆ ಅಮ್ಮ ನೆಲದ ಮೇಲೇ ಕೂತುಬಿಟ್ಟಿದ್ದರು. "ಹಾಗಾದರೆ ಇಷ್ಟು ದಿನ ನಾವು ಇದರಲ್ಲೇ ಹಾರಿದ್ವಾ? ಎಲ್ಲಿ ಆಗಿದ್ದು ಇದು?" ಅಂತ ಗಂಡನನ್ನು ಕೇಳಿದರು.

ಹಿರಿಯರು ಇಳಿದ ಊರುಗಳನ್ನು ಒಂದೊಂದಾಗಿ ನೆನೆಸಿಕೊಂಡು ತಲೆ ಅಲ್ಲಾಡಿಸಿದರು.

"ಹೇಗೆ ಹೇಳಲಿ? ಎಲ್ಲಾ ಕಡೆ ಒಳ್ಳೆಯ ಜನವೇ ಇದ್ದರು. ನಾವು ಊಟ ಮಾಡಿ ಬರೋಷ್ಟರಲ್ಲಿ ಯಾರಾದರೊಬ್ಬರು ತಿರುಗಿಸಿ ಇಟ್ಟಿರೋರು."