ಬೆಳ್ಳಗಾದ ಸ್ಪಂಜು

ಅವನು ಬಿಳಿ ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎತ್ತುವಷ್ಟರಲ್ಲಿ ಅತ್ತಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಒಂದು ಕೈಯಲ್ಲಿ ಮೀನಿನ ಆಹಾರದ ಡಬ್ಬಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು. ಕವರಿನೊಳಗೆ ಹಾಲಿನಷ್ಟು ಬೆಳ್ಳಗಿನ ಸ್ಪಂಜು.

"ಪೆಟ್ಟಿಗೆ ಆರಿಸು, ನಡಿ. ಆ ಮೀನಂಗಡಿಯವನಿಗೆ ಇವತ್ತು ಗ್ರಹಚಾರ ಬಿಡಿಸ್ತೀನಿ."

"ನಾನ್ಯಾಕೆ ಅತ್ತಿಗೆ? ಬಟ್ಟೆ ರಾಶಿ ಬಿದ್ದಿದೆ."

"ಡಬ್ಬಿ ಕೆಟ್ಟಿತ್ತು ಅಂದಿದ್ದು ನೀನೇ ತಾನೆ? ಸಾಕ್ಷಿ ಬೇಡ್ವಾ?"

ಅವನು ಪೆಟ್ಟಿಗೆ ಆರಿಸಿದ.

ಬೀದಿಯವರು ಅವನನ್ನು ಕರೆಯುವುದು ಗರಿಗರಿ ಎಂದೇ. ಶಾಯಿ, ಗ್ರೀಸು, ತುಕ್ಕು, ಯಾವ ಕಲೆ ಕಂಡರೂ ಅವನ ಕೈ ಸುಮ್ಮನಿರದು. ಬಸ್ಸಿನಲ್ಲಿ ಮುಂದೆ ನಿಂತವನ ಬೆನ್ನನ್ನೂ ಉಜ್ಜಿಯಾನು ಎಂದು ಅಣ್ಣ ತಮಾಷೆ ಮಾಡುತ್ತಾನೆ. ಅಣ್ಣ ದೂರದ ಲಾರಿ ಓಡಿಸುವವನು, ಮನೆಯಲ್ಲಿರುವುದು ಅಪರೂಪ. ಅತ್ತಿಗೆಗೆ ಜೊತೆಯೆಂದರೆ ಗಾಜಿನ ತೊಟ್ಟಿಯ ಟೈಗರ್ ಬಾರ್ಬ್ ಮೀನುಗಳು. ಕಪ್ಪು ಪಟ್ಟೆಯ, ಒಂದು ಕ್ಷಣವೂ ನಿಲ್ಲದ ತುಂಟ ಹಿಂಡು. ಅವಳ ನೆರಳು ಕಂಡರೆ ಸಾಕು, ಪಟ್ಟೆ ಬಟ್ಟೆಯೊಂದನ್ನು ಯಾರೋ ಒಮ್ಮೆಲೇ ಮಗುಚಿದಂತೆ ಎಲ್ಲವೂ ಒಟ್ಟಿಗೆ ತಿರುಗಿ ಗಾಜಿಗೆ ಮುತ್ತುತ್ತಿದ್ದವು. "ಈ ಮನೇಲಿ ನಾನು ಕರೆದ್ರೆ ಓಡಿ ಬರೋರು ಇವರು ಮಾತ್ರ" ಎಂದು ಅವಳು ನಗುತ್ತಿದ್ದಳು.

ಮಗಳ ಹೆರಿಗೆಗೆ ಹೊರಟಾಗ ಮನೆಯ ಬೀಗದ ಕೈಯನ್ನು ಮೈದುನನಿಗೆ ಕೊಟ್ಟಿದ್ದಳು. "ಚಿಟಿಕೆ ಆಹಾರ ಹಾಕು. ತೊಟ್ಟಿಗೆ ಸೋಪು ಗೀಪು ತಾಕಿಸಬೇಡ. ಅಷ್ಟೇ."

ಒಂದು ದಿನ ಅವನು ನೀರು ಸೋಸುವ ಯಂತ್ರವನ್ನು ಬಿಚ್ಚಿದ. ಒಳಗಿನ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿತ್ತು. ಅದನ್ನು ಹಾಗೇ ಬಿಟ್ಟು ಮಲಗಿದರೆ ನಿದ್ದೆ ಹತ್ತುವ ಜೀವವಲ್ಲ ಅವನದು. ಅತ್ತಿಗೆ ಬೇಡವೆಂದದ್ದು ಸೋಪು. ಬ್ಲೀಚಿಂಗ್ ಪುಡಿ ಸೋಪಲ್ಲವಲ್ಲ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡ. ಅಂಗಡಿಗೆ ತಂದು ಪುಡಿಯ ನೀರಲ್ಲಿ ನೆನೆಸಿ, ಜಾಲಿಸಿ, ಹಿಂಡಿ, ಮತ್ತೆ ಕೂರಿಸಿದ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಆಮೇಲೆ ನೀರು ಮಂಜಾಯಿತು. ಒಂದರ ಹಿಂದೊಂದು ಹೊಟ್ಟೆ ಮೇಲಾಗಿ ತೇಲಿದವು. ಉಳಿದದ್ದು ಒಂದೇ. ಅದು ಗಿಡದ ಹಿಂದೆ ಅವಿತು ಹೊರಬರಲೇ ಇಲ್ಲ.

ಅತ್ತಿಗೆ ಬಂದು ತೊಟ್ಟಿಯ ಮುಂದೆ ನಿಂತಾಗ ಅವನ ನಾಲಿಗೆ ತಾನಾಗಿ ಹೊರಳಿತು. "ಹೊಸ ಡಬ್ಬಿ ಒಡೆದೆ ಅತ್ತಿಗೆ. ಅದೇ ಕೆಟ್ಟಿತ್ತೇನೋ." ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. "ಪಾಪ, ಒಬ್ಬನೇ ಎಷ್ಟು ಒದ್ದಾಡಿದೆಯೋ" ಎಂದು ಬೆನ್ನು ಸವರಿದಳು.

ಮೀನಂಗಡಿಯವನು ಅವಳ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅದೇ ಡಬ್ಬಿಯಿಂದ ಚಿಟಿಕೆ ತೆಗೆದು ತನ್ನ ತೊಟ್ಟಿಗೆ ಉದುರಿಸಿದ. ಅಲ್ಲಿನ ಬಾರ್ಬುಗಳು ನುಗ್ಗಿ ತಿಂದವು.

"ಕೆಟ್ಟಿದ್ರೆ ನನ್ನ ಮೀನಿಗೆ ಹಾಕ್ತೀನಾ ಅಮ್ಮ?"

"ಹಾಗಾದ್ರೆ ನಮ್ಮನೆಯೇ ಗಲೀಜು ಅಂತೀರಾ?" ಅವಳು ಕವರು ಬಿಚ್ಚಿದಳು. "ನೋಡಿ ಸ್ಪಂಜು! ನಾನು ಸೋಮಾರಿ, ತೊಟ್ಟಿ ನೀರಲ್ಲೇ ಒಂದ್ಸಲ ಹಿಂಡಿ ಬಿಡ್ತಿದ್ದೆ. ನನ್ನ ಮೈದುನ ಹಾಗಲ್ಲ. ಇವನು ತೊಳೆದ್ರೆ ಹೊಸ ಬಟ್ಟೆನೂ ನಾಚ್ಕೋಬೇಕು!"

ಅಂಗಡಿಯವನು ಸ್ಪಂಜನ್ನು ಮೂಗಿನ ಹತ್ತಿರ ಹಿಡಿದ. "ಇದಕ್ಕೆ ಯಾರು ಪುಡಿ ಹಾಕಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗರಿಗರಿಯ ಎರಡು ಕೈಯೂ ಪ್ಯಾಂಟಿನ ಜೇಬು ಸೇರಿದವು. ಅತ್ತಿಗೆ ಅದನ್ನು ನೋಡಿದಳು.

"ನೀವು ಮಾಡ್ತಿದ್ದದ್ದೇ ಸರಿ ಅಮ್ಮ. ಮೀನಿನ ಹೊಲಸೆಲ್ಲ ಅರಗಿಸೋದು ಸ್ಪಂಜಲ್ಲಿ ಕಟ್ಟೋ ಆ ಜೀವ ಇರೋ ಲೋಳೆನೇ. ಅದನ್ನ ಕೊಂದ್ರೆ ನೀರೇ ವಿಷ."

"ಬ್ಲೀಚಿಂಗ್ ಪುಡಿ," ಎಂದ ಗರಿಗರಿ ನೆಲ ನೋಡುತ್ತ. "ನಾನೇ ಹಾಕಿದ್ದು. ಡಬ್ಬಿ ಚೆನ್ನಾಗೇ ಇತ್ತು."

ಬಣ್ಣದ ಕಲ್ಲು ಆರಿಸುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ಅವನತ್ತ ನೋಡಿದಳು. ಅತ್ತಿಗೆ ಅವನ ಕಡೆ ತಿರುಗಲಿಲ್ಲ. ಅಂಗಡಿಯವನಿಗೆ ಕೈಮುಗಿದು, "ತಪ್ಪಾಯ್ತಪ್ಪ, ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ," ಎಂದಳು. ತನ್ನ ಸುಳ್ಳಿಗೆ ಅವಳು ಮುಗಿದ ಆ ಕೈಗಳನ್ನು ನೋಡಲಾರದೆ ಅವನು ಹೊರಗೆ ಬಂದು ನಿಂತ.

ಇಬ್ಬರೂ ಮನೆಯ ದಾರಿ ಹಿಡಿದರು.

"ಬೈದುಬಿಡಿ ಅತ್ತಿಗೆ."

"ನಂಗೆ ನೋವಾಗಿದ್ದು ಮೀನು ಸತ್ತಿದ್ದಕ್ಕಲ್ಲ ಕಣೋ," ಎಂದಳು ಅವಳು. "ನಾಲ್ಕು ಜನರ ಮುಂದೆ ನಿನ್ನ ಹೊಗಳಿದ್ನಲ್ಲ, ಅದಕ್ಕೆ."

ಅಂಗಡಿಯವನು ತನ್ನ ತೊಟ್ಟಿಯದೇ ಒಂದು ಹಳೆಯ ಕಂದು ಸ್ಪಂಜನ್ನು ನೀರಿನ ಸಮೇತ ಕಟ್ಟಿಕೊಟ್ಟಿದ್ದ. ಕವರು ಸೋರಿ ಗರಿಗರಿಯ ಇಸ್ತ್ರಿ ಪ್ಯಾಂಟಿನ ಮೇಲೆ ಮಣ್ಣುಬಣ್ಣದ ಕಲೆ ಹರಡಿತು. ಅವನು ಒರೆಸಲಿಲ್ಲ.

ನೀರು ಹದಕ್ಕೆ ಬಂದ ಮೇಲೆ ಹೊಸ ಹಿಂಡು ಬರಲಿದೆ. ಸ್ಪಂಜು ಹಿಂಡುವುದು ಈಗ ಅತ್ತಿಗೆಯೇ. ಗರಿಗರಿ ಬಕೆಟ್ಟು ಹಿಡಿಯುತ್ತಾನೆ.