ಅಣ್ಣನ ಕೆಂಪು ಪುಡಿ

ನಮ್ಮ ಅಣ್ಣನ ಎರಡೂ ಮಣಿಕಟ್ಟಿನ ಮೇಲೆ ರಬ್ಬರ್ ಗ್ಲೌಸಿನ ಅಂಚು ಕೂತು ಬಳೆಯಂಥ ಗೆರೆ ಬಿದ್ದಿತ್ತು. ಗೆರೆಯಿಂದ ಕೆಳಗಿನ ಚರ್ಮ ಬೇರೆ ಯಾರದೋ ಎನ್ನುವಷ್ಟು ಬಿಳಿಚಿಕೊಂಡಿತ್ತು. ಬೆರಳ ತುದಿಗಳು ಸದಾ ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿರುತ್ತಿದ್ದವು.

ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ಅವನು ಸಹಾಯಕನಾಗಿದ್ದ. ಶನಿವಾರ ಸಂಜೆಯ ಬಸ್ಸಿಗೆ ಗೋಕಾಕಕ್ಕೆ ಬರುತ್ತಿದ್ದ. ಗಂಡ ಬಿಟ್ಟ ಮೇಲೆ ನಾನು ವರ್ಷ ತುಂಬಿದ ಮಗನನ್ನು ಎತ್ತಿಕೊಂಡು ಮೂಡಲಗಿಯಿಂದ ತವರಿಗೆ ಬಂದಿದ್ದೆ. ಮಗ ಅಂಬೆಗಾಲಿಕ್ಕುತ್ತ ಹತ್ತಿರ ಹೋದರೆ ಅಣ್ಣ ಪೊಲೀಸರಿಗೆ ಸಿಕ್ಕವನ ಹಾಗೆ ಎರಡೂ ಕೈ ಮೇಲೆತ್ತಿಕೊಂಡು ಹಿತ್ತಲಿಗೆ ನಡೆಯುತ್ತಿದ್ದ. ಮೊಣಕೈತನಕ ಸಾಬೂನು ಹಚ್ಚಿ ತೊಳೆದು, ಅಂಗಿ ಬದಲಿಸಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳುವುದು. "ಮಡಿ ಅಯ್ಯಾರು ಬಂದ್ರು, ನೀರ ಕೊಡ್ರೆವಾ" ಎಂದು ಅವ್ವ ಕಾಡುತ್ತಿದ್ದಳು. ಲ್ಯಾಬಿನಲ್ಲೇ ತೊಳೆದುಕೊಂಡು ಬಂದಿರುತ್ತೇನೆ, ಇದು ಬರೀ ಮನಸ್ಸಿನ ಸಮಾಧಾನಕ್ಕೆ ಎಂದು ಅವನು ನಗುತ್ತಿದ್ದ.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಅವನಷ್ಟು ತಾಳ್ಮೆಯಿಂದ ಯಾರೂ ಏನನ್ನೂ ತಿಳಿಸಿ ಹೇಳಿಲ್ಲ. ಲ್ಯಾಬಿನಲ್ಲಿ ಅವನು ಬಳಸುತ್ತಿದ್ದದ್ದು ಇತಿಡಿಯಂ ಬ್ರೋಮೈಡ್ ಎಂಬ ಕೆಂಪು ಪುಡಿ. ಎಲ್ಲ ಜೀವಿಗಳ ಒಡಲಲ್ಲೂ ಡಿಎನ್‌ಎ ಎಂಬ ತಿರುಚಿದ ಏಣಿ ಇರುತ್ತದಂತೆ, ಕಣ್ಣಿಗೆ ಕಾಣದಂತೆ. ಪುಡಿ ಅದರ ಮೆಟ್ಟಿಲುಗಳ ನಡುವೆ ನುಸುಳಿ ಕೂಡುತ್ತದೆ. ಕತ್ತಲ ಕೋಣೆಯಲ್ಲಿ ಒಂದು ಬಗೆಯ ನೇರಳೆ ಬೆಳಕು ಹಾಯಿಸಿದರೆ ಕೂತ ಜಾಗ ಕೆಂಡದ ಹಾಗೆ ಹೊಳೆಯುತ್ತದೆ. ಹಾಗೆ ನುಸುಳುವ ಗುಣವಿರುವುದಕ್ಕೇ ಅದನ್ನು ಬರಿಗೈಯಲ್ಲಿ ಮುಟ್ಟಬಾರದು. "ಅಂಜಬೇಕಾದ್ದು ಪುಡಿಗೆ, ಅದನ್ನ ತೊಳಕೊಂಡ ಕೈಗಲ್ಲ" ಎನ್ನುತ್ತಿದ್ದ. ನನಗೆ ಅದು ಚೆನ್ನಾಗಿ ತಿಳಿದಿತ್ತು.

ಹುಕ್ಕೇರಿಯ ಒಬ್ಬ ಹುಡುಗಿ ಅವನ ಮನಸ್ಸಿಗೆ ಬಂದಳು. ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ವಾರ ಅಣ್ಣ ತಾನೇ ಗೋಡೆಗಳಿಗೆ ಸುಣ್ಣ ಬಳಿದ. ಅವ್ವ ನನ್ನ ಟ್ರಂಕನ್ನು ನಾನೂ ಮಗನೂ ಮಲಗುತ್ತಿದ್ದ ಕೋಣೆಯಿಂದ ಪಡಸಾಲೆಗೆ ಸರಿಸಿದಳು. ಇನ್ನು ಈ ಮನೆಯಲ್ಲಿ ನನ್ನ ಜಾಗ ಎಷ್ಟು ಎಂಬುದು ಆ ಟ್ರಂಕು ನೋಡಿದಾಗಲೇ ನನಗೆ ಗೊತ್ತಾಯಿತು.

ಹುಡುಗಿಯ ಸೋದರತ್ತೆ ಉಪ್ಪಿಟ್ಟಿನ ತಾಟು ಹಿಡಿದು ಅಡುಗೆಮನೆಗೇ ಬಂದು ಕೂತಳು. ಹುಡುಗನ ಕೆಲಸ ಎಂಥದ್ದು ಎಂದು ಕೇಳಿದಳು.

"ವಿಷದ ಪುಡಿಯಾಗ ಕೈ ಹಾಕೂದ್ರಿ. ಹುಟ್ಟೂ ಕೂಸಿಗೂ ಇಳಿತೈತಂತ. ನನ್ನ ಮಗನ್ನ ಸೈತ ಮುಟ್ಟಾಕ ಅಂಜತಾನ್ರಿ" ಅಂದೆ.

ಅವಳು ತಾಟು ಕೆಳಗಿಟ್ಟಳು. ಸಂಬಂಧ ಮುರಿಯಿತು. ನಾನು ಅಂದ ಮಾತು ಊರಿಂದೂರಿಗೆ ಹೋಯಿತು, ಅಣ್ಣನ ಕಿವಿಗೂ ಬಿತ್ತು. ಕಲ್ಲೋಳಿ ಕಡೆಯಿಂದ ಹೆಣ್ಣು ಕೊಡುವ ಮಾತಿಗೆ ಬರಬೇಕಾದವರೂ ಬರಲಿಲ್ಲ. ಟ್ರಂಕು ಮತ್ತೆ ಕೋಣೆಗೆ ಹೋಯಿತು.

ಮುಂದಿನ ಶನಿವಾರ ಅಣ್ಣ ಎಂದಿನಂತೆ ಕೈ ತೊಳೆದು, ಅಂಗಿ ಬದಲಿಸಿ ಕೂತ. ಮಗ ಅವನ ಮೊಣಕಾಲು ಹಿಡಿದು ನಿಂತ. ಅಣ್ಣ ಮೆಲ್ಲಗೆ ಕಾಲು ಹಿಂದಕ್ಕೆಳೆದುಕೊಂಡ.

"ನೀ ಅಂಜಿದ್ದಿ ಅಂದ್ರ ನನಗ ಮದಲ ಹೇಳಬೇಕಿತ್ತವಾ. ನಾ ಕೂಸಿನ್ನ ಎತ್ತಕೋತಿರಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಒಂದು ದಿನವೂ ಅಂಜಿದವಳಲ್ಲ. ಆದರೆ ಅವನು ಅಂಜಿಕೆಯನ್ನು ಕ್ಷಮಿಸಲು ತಯಾರಿದ್ದ, ಕೋಣೆಯ ಆಸೆಯನ್ನು ಕ್ಷಮಿಸುತ್ತಿದ್ದನೋ ಇಲ್ಲವೋ. ಅಂಜಿದ್ದೇ ನಿಜವೆಂಬಂತೆ ಮಗನನ್ನು ಎತ್ತಿಕೊಂಡು ಒಳಗೆ ನಡೆದೆ.

ಮತ್ತೆಂದೂ ಅವನು ನನ್ನ ಮಗನನ್ನು ಮುಟ್ಟಲಿಲ್ಲ. ಒಮ್ಮೆ ಹುಡುಗ ಕಟ್ಟೆಯಿಂದ ಬಿದ್ದು ಹಣೆ ಒಡೆದುಕೊಂಡ. ಓಡಿಬಂದ ಅಣ್ಣ ಎರಡು ಹೆಜ್ಜೆ ಇತ್ತಲೇ ನಿಂತು ನನ್ನನ್ನು ಕೂಗಿದ. ಆ ಎರಡು ಹೆಜ್ಜೆಯ ನೆಲ ಇಂದಿಗೂ ನನ್ನ ಕಣ್ಣಿಗೆ ಕಟ್ಟುತ್ತದೆ. ಅವನು ಮದುವೆಯಾಗಲಿಲ್ಲ. ಹುಡುಗನ ಪುಸ್ತಕ, ಬಟ್ಟೆ ಎಲ್ಲ ಅವನೇ ತಂದ. ತಂದು ಕಟ್ಟೆಯ ಮೇಲಿಟ್ಟು ಸರಿದು ನಿಲ್ಲುತ್ತಿದ್ದ.

ಮಗ ಹತ್ತನೇ ಇಯತ್ತೆಯಲ್ಲಿದ್ದಾಗ ಅಣ್ಣ ಎದೆನೋವಿನಿಂದ ತೀರಿಕೊಂಡ. ನಮ್ಮಲ್ಲಿಯ ಪದ್ಧತಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿದ್ದರು. ಮಗ ನನ್ನ ಬಾಜೂಕ ಬಂದು ಕೂತು ಮೆಲ್ಲಗೆ ಕೇಳಿದ: "ಅವ್ವಾ, ಮಾವ ನನ್ನ ಯಾಕ ಮುಟ್ಟತಿರಲಿಲ್ಲ?"

"ಅವನ ಸ್ವಭಾವನ ಹಂಗಿತ್ತಪಾ" ಅಂದೆ. ಕೂತಿದ್ದ ಅಣ್ಣನ ಎದುರಿಗೇ ಅಂದೆ.