ಮುದ್ದೇಬಿಹಾಳದಲ್ಲಿ ತುಂಬಿದ ನಂಬರುಗಳು

ಆ ವಾರ ರೇವಣಪ್ಪನವರ ಹೆಸರು ಕೇಳಿದರೆ ಸಾಕು, ನಿಷತಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಊರಲ್ಲಿ ಅಂಗಡಿ ಇಟ್ಟಿದ್ದ ಚಷ್ಮಾ ವ್ಯಾಪಾರಿಯೊಬ್ಬರ ಕಂಪ್ಯೂಟರ್ ಕೆಲಸವೆಲ್ಲ ಅವಳ ತಲೆಯ ಮೇಲಿತ್ತು. ಡೇಟಾಬೇಸಿನಲ್ಲಿ ಅಂಗಡಿಗೊಂದು ಸ್ಕೀಮಾ, ಅಂದರೆ ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆ. ಆರ್ಡರ್ ಬರೆದರೆ ನಂಬರು ತಾನಾಗಿಯೇ ಬೀಳುತ್ತಿತ್ತು. ಆದರೆ ನಾಲ್ಕು ಕಡೆಯೂ ಒಂದರಿಂದಲೇ ಶುರು. ಗಾಜು ಕೊರೆದು ಕೂರಿಸುವುದು ಮಾತ್ರ ಬಾಗೇವಾಡಿಯಲ್ಲಿ. ಅಲ್ಲಿ ಬರೀ ನಂಬರು ನೋಡಿ ಕಳಿಸುತ್ತಿದ್ದರಿಂದ ಸಿಂದಗಿ ಅಂಗಡಿಯಲ್ಲಿ ಬರೆಸಿದ್ದ ಯಂಕಂಚಿಯ ಮುದುಕಿ ಶಂಕ್ರೆವ್ವನಿಗೆ ಇಂಡಿಯ ಯಾರೋ ಮಾಸ್ತರರ ಚಷ್ಮಾ ಹೋಗಿತ್ತು.

ಶಂಕ್ರೆವ್ವನ ಮಗಳಿಗೆ ದಿನ ತುಂಬಿದ್ದವು. ಹುಟ್ಟುವ ಕೂಸಿಗೆ ಹಳೆ ಸೀರೆಯ ಕೌದಿ ಹೊಲಿಯಬೇಕು, ಮುದುಕಿಗೆ ಹೊಲಿಗೆಯೇ ಕಾಣದು. ಅವಳು ಸಿಂದಗಿಗೆ ಬಂದು ಜಗಳ ತೆಗೆದ ಮೇಲೆ ನಿಷತ ನಾಲ್ಕೂ ಸ್ಕೀಮಾಗಳಿಗೆ ಸೇರಿಸಿ ಒಂದೇ ಎಣಿಕೆ ಇಟ್ಟಳು. ಯಾವ ಊರಲ್ಲಿ ಬರೆದರೂ ಅದರ ಮುಂದಿನ ನಂಬರು. ಶಂಕ್ರೆವ್ವನ ಆರ್ಡರನ್ನೂ ಹೊಸದಾಗಿ ಬರೆಸಿದಳು.

ಮತ್ತೆ ತಪ್ಪು ಚಷ್ಮಾವೇ ಹೋಯಿತು. ಈ ಸಲ ಮುದ್ದೇಬಿಹಾಳದ್ದು. ನಿಷತ ಅಲ್ಲಿನ ಅಂಗಡಿ ನೋಡಿಕೊಳ್ಳುವ ರೇವಣಪ್ಪನವರಿಗೆ ಫೋನ್ ಹಚ್ಚಿದಳು.

“ಕಾಕಾ, ಈ ನಂಬರ್ ನಿಮ್ಮ ಕಡೆ ಹ್ಯಾಂಗ ಬಂತ್ರಿ?”

“ನಾನ ಹಾಕೇನಿ. ನಿನ್ನ ಕಂಪ್ಯೂಟರ್ ನಡುನಡುವ ನಂಬರ್ ಜಿಗದು ಹೊಂಟಿತ್ತವಾ. ನೋಡಿದವರು ಏನಂತಾರ? ಖಾಲಿ ಬಿಟ್ಟದ್ದನ್ನ ಕೈಲೆ ತುಂಬಾಕತ್ತೇನಿ.”

“ಅವು ಖಾಲಿ ಅಲ್ರಿ. ಸಿಂದಗಿಯವು, ಇಂಡಿಯವು.”

“ನಮ್ಮ ಅಂಗಡ್ಯಾಗ ಇಲ್ಲಲ್ಲ?”

ನಿಷತ ಹಣೆ ಚಚ್ಚಿಕೊಂಡಳು. ಅವರ ಕೋಣೆಯಲ್ಲಿ ಆ ನಂಬರು ಇರದ ಕಾರಣ ಡೇಟಾಬೇಸೂ ತಕರಾರು ತೆಗೆದಿರಲಿಲ್ಲ. ಇಂಥವರ ಶಿಸ್ತಿಗಿಂತ ಸೋಮಾರಿತನ ಎಷ್ಟೋ ವಾಸಿ. ಯಾರೂ ಕೈಯಿಂದ ನಂಬರು ಬರೆಯದಂತೆ ಆ ಕಾಲಮ್ಮಿಗೆ ಬೀಗ ಜಡಿದು, ಅವರು ತುಂಬಿದ್ದನ್ನೆಲ್ಲ ಒಂದೊಂದಾಗಿ ಬಿಡಿಸಿ ಹೊಸ ನಂಬರು ಕೊಟ್ಟಳು. ರೇವಣಪ್ಪನವರು ಮಾತು ಬಿಟ್ಟರು. ಅದೊಂದು ಆರಾಮವಾಯಿತು.

ಸರಿಯಾದ ಚಷ್ಮಾವನ್ನು ಯಾರ ಕೈಗೂ ಕೊಡದೆ ತಾನೇ ಯಂಕಂಚಿಗೆ ಒಯ್ದಳು. ಶಂಕ್ರೆವ್ವ ಕಾದು ಬೇಸತ್ತು, ಮಗ್ಗುಲ ಮನೆಯವರಿಂದ ಸೂಜಿಗೆ ದಾರ ಹಾಕಿಸಿಕೊಂಡು, ತಪ್ಪು ಚಷ್ಮಾದಲ್ಲೇ ಕೌದಿ ಮುಗಿಸಿದ್ದಳು. ಹೊಸದನ್ನು ಮೂಗಿಗೇರಿಸಿ ಕೌದಿಯ ಮೇಲೆ ಕಣ್ಣಾಡಿಸಿದಳು. ಹೊಲಿಗೆ ಒಂದೂ ನೆಟ್ಟಗಿರಲಿಲ್ಲ.

“ಇಷ್ಟ ಕೆಟ್ಟ ಯಾರು ಹೊಲದಾರ ಇದನ್ನ?”

ನಿಷತ ಹೊರಡಲು ಎದ್ದಳು. ಮುದುಕಿ ಕತ್ತರಿ ತೆಗೆದಳು. ಕೌದಿಯ ಇನ್ನೊಂದು ತುದಿಯನ್ನು ನಿಷತಳ ಕಡೆ ಎಸೆದಳು.

“ಹೋಗಾಕ ಅವಸರ ಮಾಡಬ್ಯಾಡ. ನೀನೂ ಬಿಚ್ಚು.”

ಮುದ್ದೇಬಿಹಾಳದ ನಂಬರು ಬಿಡಿಸಿ ಸಾಕಾಗಿದ್ದ ನಿಷತ ಹೊಲಿಗೆ ಬಿಚ್ಚಲು ಕೂತಳು.